ಬಾವಿ ಮುಚ್ಚಿದ ರಸಮಟ್ಟ

ನಮ್ಮೂರಿನ ಬ್ಯಾಸ್ಕೆಟ್‌ಬಾಲ್ ತಂಡ ಒಂದೇ ಒಂದು ಅಂಕದಿಂದ ಕಪ್ ಕಳೆದುಕೊಂಡ ವರ್ಷ ಬಾಯಿಗೊಂದು ಕಾರಣ ಹುಟ್ಟಿಕೊಂಡಿತು. ಕ್ಷೌರದಂಗಡಿಯಲ್ಲಿ ಕೂತವರು ಕೋಚ್ ಸರಿಯಿಲ್ಲ ಎಂದರು. ಬಸ್ಸಿನಲ್ಲಿ ನೇತಾಡುತ್ತಿದ್ದವರು ನಾಯಕನಿಗೆ ತಲೆ ತಿರುಗಿದೆ ಎಂದರು. ಲೀಗಿನಲ್ಲೇ ಅಂಥ ಆಟಗಾರರು ಬೇರೆ ಯಾರ ಬಳಿಯೂ ಇರಲಿಲ್ಲ. ಅಂಥವರು ಸೋತದ್ದು ಹೇಗೆ ಎಂದು ಹುಡುಕುತ್ತ ಹುಡುಕುತ್ತ ಊರು ಕೊನೆಗೆ ಬಂದು ನಿಂತದ್ದು ನನ್ನ ದೊಡ್ಡಪ್ಪನ ಬಾಗಿಲಿಗೆ. ಊರು ಹೇಳಿದ್ದರಲ್ಲಿ ಅರ್ಧ ನಿಜವಿತ್ತು. ಇನ್ನರ್ಧ ನನಗೆ ಗೊತ್ತು. ಆಗ ನಾನು ಅದೇ ಕ್ರೀಡಾಂಗಣದ ಟಿಕೆಟ್ ಕಿಟಕಿಯಲ್ಲಿ ಕೆಲಸಕ್ಕಿದ್ದೆ, ಆ ವಾರ ನಡೆದದ್ದೆಲ್ಲ ನನ್ನ ಕಣ್ಣೆದುರೇ ನಡೆಯಿತು.

ದೊಡ್ಡಪ್ಪ ಬಡಗಿ. ಹತ್ತೊಂಬತ್ತಕ್ಕೇ ಬಾಗಿಲು ಕಿಟಕಿ ಮಾಡುವ ಕಾರ್ಖಾನೆಗೆ ಸೇರಿದವರು. ಕ್ರೀಡಾಂಗಣ ಕಟ್ಟಿದಾಗ ಅದರ ಮರದ ನೆಲ ಹಾಸಲು ಬಂದ ಹದಿನಾಲ್ಕು ಜನರಲ್ಲಿ ಅವರೂ ಒಬ್ಬರು. ಕೆಲಸ ಮುಗಿಸಿ ಹದಿಮೂರು ಜನ ಹೋದರು, ನೆಲ ನೋಡಿಕೊಳ್ಳಲು ದೊಡ್ಡಪ್ಪ ಉಳಿದರು. ಹಾಗೆ ಉಳಿದವರು ಇಪ್ಪತ್ತೊಂಬತ್ತು ವರ್ಷ ಅಲ್ಲೇ ಇದ್ದರು. ಬೆಳಿಗ್ಗೆ ಆರಕ್ಕೆ ಬಂದು ಚಪ್ಪಲಿ ಕಳಚಿ, ಬರೀ ಕಾಲುಚೀಲದಲ್ಲಿ ಅಂಕಣದ ಉದ್ದಕ್ಕೂ ನಡೆಯುತ್ತಿದ್ದರು. ಹೊಲ ಉಳುವವನ ಹಾಗೆ ಹೋಗಿ, ತಿರುಗಿ, ಪಕ್ಕದ ಸಾಲು ಹಿಡಿದು ವಾಪಸ್. ಕೈಯಲ್ಲೊಂದು ಹಳೆಯ ಚೆಂಡು. ಅದನ್ನು ಪುಟಿಸುತ್ತ, ಕಿವಿ ಕೊಡುತ್ತ ನಡೆಯುವುದು. ಎಲ್ಲಿ ಸದ್ದು ಮಂಕಾಯಿತೋ ಅಲ್ಲಿ ಸೀಮೆಸುಣ್ಣದಲ್ಲಿ ಒಂದು ಗೀಟು. ಅಷ್ಟು ವರ್ಷ ಚೆಂಡು ಪುಟಿಸಿದ ಮನುಷ್ಯ ಒಮ್ಮೆಯೂ ಅದನ್ನು ಬುಟ್ಟಿಗೆ ಎಸೆದಿರಲಿಲ್ಲ. ಒಂದು ಸಲ ನಾನು ಕೇಳಿದ್ದಕ್ಕೆ, ಅಡುಗೆಯವನು ಪಂಕ್ತಿಯಲ್ಲಿ ಕೂರುವುದಿಲ್ಲ ಎಂದು ನಕ್ಕಿದ್ದರು.

ಆಟಗಾರರು ಅವರಿಗೆ ಇಟ್ಟ ಹೆಸರು ರಸಮಟ್ಟ. ಬಡಗಿಗಳೂ ಗಾರೆಯವರೂ ಮಟ್ಟ ನೋಡಲು ಇಡುತ್ತಾರಲ್ಲ, ಗಾಜಿನ ಕೊಳವೆಯೊಳಗೆ ಗುಳ್ಳೆ ಓಡಾಡುವ ಪಟ್ಟಿ, ಅದು. ಹೆಸರು ಸುಮ್ಮನೆ ಬಂದದ್ದಲ್ಲ. ನನ್ನ ಮದುವೆಯಲ್ಲಿ ಎಲ್ಲರೂ ಫೋಟೋಗೆ ನಿಂತಿದ್ದಾಗ ದೊಡ್ಡಪ್ಪ ಮಾತ್ರ ಬಗ್ಗಿ, ಅಲ್ಲಾಡುತ್ತಿದ್ದ ಕುರ್ಚಿಯ ಕಾಲಿಗೆ ಕಾಗದ ಮಡಚಿ ಇಡುತ್ತಿದ್ದರು. ಆಲ್ಬಮ್ಮಿನಲ್ಲಿ ಈಗಲೂ ಅವರ ಬೆನ್ನಷ್ಟೇ ಇದೆ. ದೊಡ್ಡಮ್ಮ ಅಚ್ಚುಕೂಟದಲ್ಲಿ ಪುಸ್ತಕ ಹೊಲಿಯುವ ಕೆಲಸದವರು, ಮಾತು ಸೂಜಿಯಷ್ಟೇ ಚೂಪು. "ಈ ಮನೇಲಿ ಸೊಟ್ಟಗಿರೋಕೆ ಅವಕಾಶ ಇರೋದು ನನ್ನ ಬಾಯಿಗೆ ಮಾತ್ರ" ಎನ್ನುತ್ತಿದ್ದರು.

ಇಂಥ ಮನುಷ್ಯನ ನೆಲದಲ್ಲೇ ಒಂದು ದೋಷ ಬಂದು ಕೂತಿತು. ಫೈನಲ್‌ಗೆ ನಾಲ್ಕು ವರ್ಷ ಮೊದಲು ರಜೆಯ ದಿನಗಳಲ್ಲಿ ಗ್ಯಾಲರಿಯ ಕೆಳಗೆ ನೀರಿನ ಕೊಳವೆ ಒಡೆದು, ಯಾರೂ ಗಮನಿಸುವ ಮೊದಲೇ ಎರಡು ದಿನ ನೀರು ಅಂಕಣದ ಎಡಮೂಲೆಯ ಅಡಿಗೆ ಹರಿದಿತ್ತು. ಒಣಗಿದ ಮೇಲೆ ನೋಡಲು ಏನೂ ಆದಂತಿರಲಿಲ್ಲ. ಆದರೆ ಅಲ್ಲಿ ಮೊರದಗಲದ ಒಂದು ಜಾಗದಲ್ಲಿ ಚೆಂಡು ಪುಟಿಸಿದರೆ ಅದು ಗೇಣುದ್ದ ಕಡಿಮೆ ಏಳುತ್ತಿತ್ತು. ದೊಡ್ಡಪ್ಪ ಕ್ಲಬ್ಬಿನ ಮ್ಯಾನೇಜರಿಗೆ ಹೇಳಿದರು, ಬರೆದೂ ಕೊಟ್ಟರು. ಮ್ಯಾನೇಜರ್ ಮುಂದಿನ ರಜೆಯಲ್ಲಿ ನೋಡೋಣ ಎಂದರು.

ಅಷ್ಟರಲ್ಲಿ ಆಟಗಾರರು ಆ ಜಾಗವನ್ನು ಕಂಡುಹಿಡಿದುಬಿಟ್ಟರು. ಮೊದಲು ಹಿಡಿದವನು ಗುಬ್ಬಿ. ತಂಡದಲ್ಲೇ ಗಿಡ್ಡ, ತಂಡದಲ್ಲೇ ಚುರುಕು, ಎದುರಾಳಿಯ ಕೈಯಿಂದ ಚೆಂಡು ಕಸಿಯುವುದರಲ್ಲಿ ಎತ್ತಿದ ಕೈ. ಚೆಂಡು ಪುಟಿಸುತ್ತ ಬರುವ ಎದುರಾಳಿಯನ್ನು ಅವನು ಮೆಲ್ಲಗೆ ಬಲಗಡೆಯಿಂದ ಒತ್ತುತ್ತ ಎಡಮೂಲೆಗೆ ಅಟ್ಟುತ್ತಿದ್ದ. ಅಲ್ಲಿಗೆ ಬಂದೊಡನೆ ಚೆಂಡು ಸತ್ತಂತಾಗಿ ಕೈಗೆ ಏಳದೆ ಉಳಿಯುತ್ತಿತ್ತು, ಗುಬ್ಬಿ ಅದನ್ನು ಹೆಕ್ಕಿಕೊಂಡು ಓಡುತ್ತಿದ್ದ. ತಂಡದವರು ಆ ಜಾಗಕ್ಕೆ ಬಾವಿ ಎಂದು ಹೆಸರಿಟ್ಟರು. ಆಟದ ನಡುವೆ ಕೋಚ್ ಕೂಡ "ಬಾವಿಗೆ ತಳ್ಳು" ಎಂದು ಕೂಗುತ್ತಿದ್ದರು. ನಾಲ್ಕು ವರ್ಷ ನಮ್ಮ ಅಂಕಣದಲ್ಲಿ ನಮ್ಮನ್ನು ಸೋಲಿಸುವುದು ಹುಲಿಯ ಬಾಯಿಂದ ಮಾಂಸ ಕಿತ್ತ ಹಾಗಾಗಿತ್ತು.

ದೊಡ್ಡಪ್ಪ ಇದನ್ನು ಒಪ್ಪಿಕೊಳ್ಳಲು ಯಾವತ್ತೂ ಹಿಂಜರಿಯಲಿಲ್ಲ: ಅವರೂ ಸುಮ್ಮನಾಗಿಬಿಟ್ಟಿದ್ದರು. ಪ್ರತಿ ರಜೆಯಲ್ಲೂ ಮ್ಯಾನೇಜರ್ ಮುಂದಕ್ಕೆ ಹಾಕಿದರು, ದೊಡ್ಡಪ್ಪನೂ ಬಲವಂತ ಮಾಡಲಿಲ್ಲ. ಗುಬ್ಬಿ ಬಾವಿಯಲ್ಲಿ ಚೆಂಡು ಕಸಿದಾಗಲೆಲ್ಲ ಹದಿನೈದು ಸಾವಿರ ಜನ ಎದ್ದು ನಿಲ್ಲುತ್ತಿದ್ದರು. ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತ ದೊಡ್ಡಪ್ಪನಿಗೂ ಒಳಗೊಳಗೇ ಹಿಗ್ಗು. ತಮ್ಮ ನೆಲವೂ ಆಡುತ್ತಿದೆ ಎಂಬಂತೆ.

ಆ ವರ್ಷ ಫೈನಲ್ ಐದು ಪಂದ್ಯಗಳದ್ದು. ಮೂರು ಗೆದ್ದವರಿಗೆ ಕಪ್. ನಾಲ್ಕು ಮುಗಿದಾಗ ಎರಡು ನಮಗೆ, ಎರಡು ಅವರಿಗೆ. ಐದನೆಯದು ನಮ್ಮಲ್ಲಿ, ಶನಿವಾರ ಮಧ್ಯಾಹ್ನ. ನನ್ನ ಕಿಟಕಿಯ ಮುಂದಿನ ಸಾಲು ಬೀದಿಯ ತಿರುವು ದಾಟಿತ್ತು. ಸೋಮವಾರ ಬೆಳಿಗ್ಗೆ ದೊಡ್ಡಪ್ಪ ಎಂದಿನಂತೆ ನಡೆದು ನೋಡುವಾಗ ಬಾವಿಯ ಮೇಲೆ ಕಾಲಿಟ್ಟರೆ ಹಲಗೆ ಕಿರ್ರೆಂದಿತು. ಅದಕ್ಕೆ ಮೊದಲು ಅಲ್ಲಿ ಚೆಂಡು ಮಂಕಾಗುತ್ತಿತ್ತೇ ಹೊರತು ಮರ ಮಾತಾಡಿರಲಿಲ್ಲ. ಉಳಿ, ಕೊಡತಿ ತಂದು ಒಂದು ಹಲಗೆ ಎಬ್ಬಿಸಿದರು. ನನ್ನನ್ನೂ ಕರೆದು ತೋರಿಸಿದರು. ಹಲಗೆಗಳನ್ನು ಹೊರುವ ಅಡಿಪಟ್ಟಿ ಒಳಗೊಳಗೇ ಕೊಳೆತು ಕಪ್ಪಗಾಗಿತ್ತು. ಮೇಲಿನ ಹಲಗೆಗಳು ಪಕ್ಕದವುಗಳ ಆಸರೆಯಲ್ಲಿ ನಿಂತಿದ್ದವು ಅಷ್ಟೇ. ನಮ್ಮ ನಾಯಕ ನೂರಾ ಹತ್ತು ಕಿಲೋ ತೂಗುವ ಆಳು, ಎಲ್ಲರೂ ಕಂಬ ಎಂದೇ ಕರೆಯುತ್ತಿದ್ದರು. ಅವನಂಥವನು ಹಾರಿ ಅಲ್ಲಿ ಇಳಿದರೆ ಕಾಲು ಮೊಣಕಾಲಿನವರೆಗೆ ಒಳಗೆ ಹೋಗುತ್ತದೆ ಎಂದು ದೊಡ್ಡಪ್ಪ ಅಂದರು.

ಮ್ಯಾನೇಜರ್ ಫೋನಿನಲ್ಲೇ ಕೇಳಿಸಿಕೊಂಡು, ಐದು ದಿನ ಹೇಗಾದರೂ ತಳ್ಳಿ, ಫೈನಲ್ ಮುಗಿದ ಮರುದಿನವೇ ಇಡೀ ನೆಲ ಹೊಸದು ಮಾಡಿಸುತ್ತೇನೆ ಎಂದರಂತೆ. ಐದು ದಿನ ತಡೆಯುತ್ತದೋ ಇಲ್ಲವೋ ಎಂದು ಕೇಳಿದ್ದಕ್ಕೆ ದೊಡ್ಡಪ್ಪ, ತಡೆದರೂ ತಡೆಯಬಹುದು, ಆದರೆ ತಡೆಯುತ್ತದೆ ಎಂದು ನಾನು ಹೇಳಲಾರೆ ಎಂದರು. ಹಾಗಾದರೆ ಮುಟ್ಟಬೇಡಿ ಎಂದು ಮ್ಯಾನೇಜರ್ ಫೋನ್ ಇಟ್ಟರು.

ಆ ಸಂಜೆ ನಾನೂ ದೊಡ್ಡಪ್ಪನ ಮನೆಗೆ ಹೋಗಿದ್ದೆ. ಅವರು ಊಟದ ತಟ್ಟೆಗೆ ಕೈ ಹಾಕದೆ ಕೂತಿದ್ದರು. ಮುಟ್ಟಿದರೆ ಕೆಲಸ ಹೋಗಬಹುದು, ಮುಟ್ಟದಿದ್ದರೆ ಯಾರದೋ ಕಾಲು ಹೋಗಬಹುದು ಎಂದು ದೊಡ್ಡಮ್ಮನಿಗೆ ವಿವರಿಸಿದರು. ದೊಡ್ಡಮ್ಮ ಪೂರ್ತಿ ಕೇಳಿಸಿಕೊಂಡರು.

"ಕೆಲಸ ಹೋದ್ರೆ ನನ್ನ ಸಂಬಳ ಇದೆ. ನಿಮ್ಮ ನಿದ್ದೆ ಹೋದ್ರೆ ನಾನೇನು ಮಾಡ್ಲಿ? ಊಟ ಮಾಡಿ" ಎಂದರು.

ಮಂಗಳವಾರ ಬೆಳಿಗ್ಗೆ ದೊಡ್ಡಪ್ಪ ಕಚೇರಿಯ ಬಾಗಿಲಡಿ ಒಂದು ಚೀಟಿ ತೂರಿಸಿದರು: ಎಡಮೂಲೆಯ ಹನ್ನೊಂದು ಹಲಗೆ ತೆಗೆಯುತ್ತಿದ್ದೇನೆ, ಗುರುವಾರದೊಳಗೆ ಮುಚ್ಚುತ್ತೇನೆ. ಕೆಳಗೆ ಸಹಿ. ಮ್ಯಾನೇಜರ್ ಹತ್ತು ಗಂಟೆಗೆ ಬಂದಾಗ ಹಲಗೆಗಳನ್ನೆಲ್ಲ ನಂಬರು ಬರೆದು ಗೋಡೆಗೆ ಒರಗಿಸಿಟ್ಟಾಗಿತ್ತು. ಅಂಕಣದಲ್ಲಿ ನಿಜವಾದ ಹಳ್ಳವೇ ತೆರೆದುಕೊಂಡಿತ್ತು. ಮ್ಯಾನೇಜರ ಮುಖ ಕೆಂಪಾಯಿತು, ಆದರೆ ತೆರೆದ ಗಾಯವನ್ನು ಹೊಲಿಯದೆ ಬೇರೆ ದಾರಿ ಇರಲಿಲ್ಲ. ಕೋಚ್ ಅವರನ್ನು ಕರೆಸಿದರು. ಇಬ್ಬರೂ ಮೂಲೆಯಲ್ಲಿ ನಿಂತು ಸ್ವಲ್ಪ ಹೊತ್ತು ಮಾತಾಡಿ ದೊಡ್ಡಪ್ಪನ ಹತ್ತಿರ ಬಂದರು. ನಾನು ಚಹಾ ತಂದು ನಿಂತಿದ್ದೆ, ನನ್ನನ್ನು ಯಾರೂ ಹೋಗು ಎನ್ನಲಿಲ್ಲ.

ಮ್ಯಾನೇಜರ ದನಿ ಈಗ ಬೆಣ್ಣೆಯಾಗಿತ್ತು. "ಗಟ್ಟಿ ಮಾಡಿ, ಬೇಡ ಅನ್ನಲ್ಲ. ಆದರೆ ಹೊಸ ಪಟ್ಟಿ ಒಂದು ಚೂರು ತಗ್ಗಿಸಿ ಕೂರಿಸಿದ್ರೆ ಹಲಗೆ ಮುರಿಯೋದೂ ಇಲ್ಲ, ಬಾವಿನೂ ಹಾಗೇ ಇರುತ್ತೆ. ನಿಮ್ಮ ಕೈಗೆ ಅದೇನು ದೊಡ್ಡ ಕೆಲಸ ಅಲ್ಲ."

ದೊಡ್ಡಪ್ಪ ಕೋಚ್ ಅವರ ಮುಖ ನೋಡಿದರು. ಕೋಚ್ ನೆಲ ನೋಡುತ್ತಿದ್ದರು.

ಆಗುತ್ತದೆ, ನಿಜಕ್ಕೂ ದೊಡ್ಡ ಕೆಲಸವೇನಲ್ಲ ಎಂದು ದೊಡ್ಡಪ್ಪ ಒಪ್ಪಿಕೊಂಡರು. ಆಮೇಲೆ ಕೊಡತಿ ಕೆಳಗಿಟ್ಟು ಹೇಳಿದರು: "ಹಾಳಾಗಿದ್ದನ್ನ ನಾಲ್ಕು ವರ್ಷ ನೋಡಿಕೊಂಡು ಸುಮ್ಮನಿದ್ದೆ, ಅದು ನನ್ನ ತಪ್ಪು. ಈಗ ನನ್ನ ಕೈಯಾರೆ ಹಾಳು ಮಾಡು ಅಂದ್ರೆ ಆಗಲ್ಲ ಸಾರ್. ಬೇರೆ ಯಾರನ್ನಾದ್ರೂ ಕರೆಸಿ, ನಾನು ಪಕ್ಕಕ್ಕೆ ನಿಲ್ತೀನಿ."

ಮೂರು ದಿನದಲ್ಲಿ ಆ ನೆಲ ಮುಚ್ಚಬಲ್ಲ ಬೇರೆ ಬಡಗಿ ಊರಲ್ಲಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಕೋಚ್ ಮೊದಲು ಅಲ್ಲಿಂದ ನಡೆದರು, ಹಿಂದೆಯೇ ಮ್ಯಾನೇಜರ್.

ಅವತ್ತೂ ಮರುದಿನವೂ ದೊಡ್ಡಪ್ಪ ತಲೆ ಎತ್ತಲಿಲ್ಲ. ಅಡಿಪಟ್ಟಿ ಹೊಸದು ಕೂರಿಸಿ, ಹಲಗೆಯ ಅಂಚಿನ ನಾಲಿಗೆಯನ್ನು ಪಕ್ಕದ ಹಲಗೆಯ ಸಂದಿಗೆ ಬಡಿದು ಬಿಗಿದು, ಹತ್ತರಿ ಹಿಡಿದು ಮಟ್ಟ ಮಾಡಿದರು. ಉಜ್ಜಿದರು, ವಾರ್ನಿಶ್ ಎಳೆದರು. ಗುರುವಾರ ಫ್ಯಾನು ಹಚ್ಚಿ ಒಣಗಲು ಬಿಟ್ಟರು. ಶುಕ್ರವಾರ ನಾನು ಅಲ್ಲಿ ನಿಂತು ಹುಡುಕಿದರೂ ಹೊಸತೆಲ್ಲಿ ಹಳತೆಲ್ಲಿ ಹೇಳಲಾಗಲಿಲ್ಲ. ಅಭ್ಯಾಸಕ್ಕೆ ಬಂದ ಆಟಗಾರರನ್ನು ದೊಡ್ಡಪ್ಪನೇ ಕರೆದರು, ಬಾವಿಯಿದ್ದ ಜಾಗದಲ್ಲಿ ಚೆಂಡು ಪುಟಿಸಿ ತೋರಿಸಿದರು. ಚೆಂಡು ಸರಿಯಾಗಿ ಅವರ ಸೊಂಟಕ್ಕೆ ಎದ್ದಿತು. ಬಾವಿ ಮುಚ್ಚಿದೆ, ನಾಳೆ ಅದನ್ನು ನಂಬಬೇಡಿ ಎಂದರು. ಒಂದಿಬ್ಬರ ಮುಖ ಬಾಡಿತು. ಕಂಬ ಮಾತ್ರ ಆ ಜಾಗದ ಮೇಲೆ ಎರಡು ಸಲ ಧೊಪ್ಪೆಂದು ಹಾರಿ ನೋಡಿ ತಲೆಯಾಡಿಸಿದ. ಗುಬ್ಬಿ ನಗುತ್ತ, ಬಾವಿ ಇಲ್ಲದಿದ್ದರೆ ಕೆರೆ ತೋಡಿದರಾಯಿತು ಎಂದ.

ಶನಿವಾರದ ಆಟವನ್ನು ನಾನು ಬಾಗಿಲ ಬಳಿ ದೊಡ್ಡಪ್ಪನ ಪಕ್ಕ ನಿಂತು ನೋಡಿದೆ. ನಮ್ಮವರು ಚೆನ್ನಾಗಿಯೇ ಆಡಿದರು. ಕಂಬ ಒಬ್ಬನೇ ಮೂವತ್ತೊಂದು ಅಂಕ ಹಾಕಿದ. ಕೊನೆಗೆ ಹದಿನಾಲ್ಕು ಸೆಕೆಂಡು ಉಳಿದಿರುವಾಗ ಎಂಬತ್ತೊಂದು ನಮ್ಮದು, ಎಂಬತ್ತು ಅವರದು. ಚೆಂಡು ಅವರ ಕೈಯಲ್ಲಿ. ಪುಟಿಸುತ್ತ ಬರುತ್ತಿದ್ದ ಅವರ ಆಟಗಾರನ ಎದುರು ಗುಬ್ಬಿ. ಅವನು ಬಲಗಡೆಯಿಂದ ಒತ್ತಿದ, ಎದುರಾಳಿ ಎಡಕ್ಕೆ ಸರಿದ, ಗುಬ್ಬಿ ಇನ್ನೂ ಒತ್ತಿದ. ದೊಡ್ಡಪ್ಪ ನನ್ನ ಮೊಣಕೈ ಹಿಡಿದುಕೊಂಡರು. ನಾಲ್ಕು ವರ್ಷ ಮಾಡಿದ ಹಾಗೆಯೇ ಗುಬ್ಬಿ ಆ ಜಾಗ ಬಂದೊಡನೆ ಕಾವಲು ಬಿಟ್ಟು, ಚೆಂಡು ಹೆಕ್ಕಲು ಬಗ್ಗಿದ. ಚೆಂಡು ಎಲ್ಲಿ ಏಳಬೇಕೋ ಅಲ್ಲಿಗೇ ಎದ್ದಿತು. ಎದುರಾಳಿ ಬಗ್ಗಿದವನ ಪಕ್ಕದಿಂದ ನುಗ್ಗಿ ಬುಟ್ಟಿಗೆ ಹಾಕಿದ. ಎಂಬತ್ತೆರಡು. ಉಳಿದ ಮೂರು ಸೆಕೆಂಡಿನಲ್ಲಿ ಕಂಬ ಎಸೆದ ಚೆಂಡು ರಿಂಗಿನ ಅಂಚು ಸುತ್ತಿ ಹೊರಗೆ ಬಿತ್ತು.

ದೊಡ್ಡಪ್ಪ ನನ್ನ ಕೈ ಬಿಟ್ಟು, ಜನ ಕರಗುವವರೆಗೆ ಕಾದು, ಒರೆಸುವ ಬಟ್ಟೆ ತೆಗೆದುಕೊಂಡು ಅಂಕಣಕ್ಕೆ ಇಳಿದರು. ನೆಲದ ಮೇಲೆ ಬೆವರು ಚೆಲ್ಲಿತ್ತು, ಒರೆಸಬೇಕಿತ್ತು. ಅವರ ಕಣ್ಣಲ್ಲಿ ನೀರಿತ್ತು. ಕೈ ಮಾತ್ರ ತನ್ನ ಪಾಡಿಗೆ ತಾನು ಒರೆಸುತ್ತಿತ್ತು.

ಸೋಮವಾರದ ಪತ್ರಿಕೆಯಲ್ಲಿ ಮ್ಯಾನೇಜರ ಹೇಳಿಕೆ ಬಂತು. ಫೈನಲ್‌ಗೆ ಮೊದಲು ಅನುಮತಿಯಿಲ್ಲದೆ ನೆಲವನ್ನು ಕೆದಕಲಾಗಿದೆ, ಆಟಗಾರರ ಲಯ ತಪ್ಪಿದ್ದು ಅದರಿಂದಲೇ ಎಂದು. ಹೆಸರು ಹಾಕಿರಲಿಲ್ಲ, ಹಾಕುವ ಅಗತ್ಯವೂ ಇರಲಿಲ್ಲ. ದಿನಾ ಮಾತಾಡಿಸುತ್ತಿದ್ದ ತರಕಾರಿಯವನು ದೊಡ್ಡಪ್ಪನಿಗೆ ಮುಖ ತಿರುಗಿಸಿ ತೂಗಿಕೊಟ್ಟ. ಕ್ಷೌರಿಕ ಅರ್ಧ ಕತ್ತರಿಸಿ, ಬ್ಲೇಡು ಮುಗಿದಿದೆ ಎಂದು ಎಬ್ಬಿಸಿ ಕಳಿಸಿದ. ದೊಡ್ಡಮ್ಮ ಮನೆಯಲ್ಲಿ ಉಳಿದರ್ಧ ಕತ್ತರಿಸಿಕೊಟ್ಟರು. ಆ ವಾರವೆಲ್ಲ ದೊಡ್ಡಪ್ಪನ ತಲೆ ಮಟ್ಟ ತಪ್ಪಿಯೇ ಇತ್ತು. ನನ್ನ ಕಿಟಕಿಯಲ್ಲೂ ಬಂದು ಕೇಳಿದವರಿದ್ದರು, ಆ ಬಡಗಿ ನಿಮಗೆ ಏನಾಗಬೇಕು ಎಂದು. ದೊಡ್ಡಪ್ಪ ಆಗಬೇಕು ಎಂದು ನಾನು ಗಟ್ಟಿಯಾಗಿಯೇ ಹೇಳಿದೆ.

ಗುರುವಾರ ಕ್ಲಬ್ಬಿನ ಆಡಳಿತ ಮಂಡಳಿ ಅವರನ್ನು ವಿಚಾರಣೆಗೆ ಕರೆಯಿತು. ಉದ್ದನೆಯ ಮೇಜು, ಐದು ಜನ, ನಡುವೆ ಅಧ್ಯಕ್ಷೆ. ನಲವತ್ತು ವರ್ಷ ಹಲ್ಲಿನ ಡಾಕ್ಟರಾಗಿದ್ದು ನಿವೃತ್ತರಾದವರು. ಬರವಣಿಗೆ ಮಾಡಿಕೊಳ್ಳಲು ನನ್ನನ್ನೇ ಕೂರಿಸಿದ್ದರು. ಮ್ಯಾನೇಜರ್ ತಮ್ಮ ಮಾತು ಹೇಳಿದರು: ಬೇಡ ಎಂದರೂ ಕೇಳಲಿಲ್ಲ, ಶಿಸ್ತು ಮೀರಿದರು. ದೊಡ್ಡಪ್ಪ ಯಾವುದನ್ನೂ ಅಲ್ಲಗಳೆಯಲಿಲ್ಲ. ಪತ್ರಿಕೆಯಲ್ಲಿ ಸುತ್ತಿ ತಂದಿದ್ದ ಹಳೆಯ ಅಡಿಪಟ್ಟಿಯನ್ನು ಬಿಚ್ಚಿ ಮೇಜಿನ ಮೇಲಿಟ್ಟರು. ಅಧ್ಯಕ್ಷೆ ಕನ್ನಡಕ ಸರಿಮಾಡಿಕೊಂಡು ಅದನ್ನು ಹೆಬ್ಬೆರಳಿನಿಂದ ಒತ್ತಿದರು. ಬೆರಳು ಹಾಗೆಯೇ ಒಳಗೆ ಹೋಯಿತು, ಮರ ನೆನೆದ ಬಿಸ್ಕತ್ತಿನ ಹಾಗೆ ಉದುರಿತು.

"ಇಷ್ಟು ಹುಳುಕಾಗಿದ್ರೆ ನಾನೂ ಐದು ದಿನ ಕಾಯ್ತಿರಲಿಲ್ಲ" ಎಂದರು ಅಧ್ಯಕ್ಷೆ.

ಅಷ್ಟಕ್ಕೇ ಮುಗಿಯುತ್ತಿತ್ತೋ ಏನೋ. ಅಷ್ಟರಲ್ಲಿ ಬಾಗಿಲು ತಟ್ಟಿ ಗುಬ್ಬಿ ಬಂದ. ಹಿಂದೆ ಬಾಗಿಲಿಗೆ ತಲೆ ತಗ್ಗಿಸಿಕೊಂಡು ಕಂಬ, ಅವನ ಹಿಂದೆ ಉಳಿದ ಆಟಗಾರರು. ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲದಾಯಿತು. ಯಾರೂ ಕರೆದಿರಲಿಲ್ಲ. ಗುಬ್ಬಿ ಐದು ದಿನದಿಂದ ನಿದ್ದೆ ಮಾಡಿರದವನಂತೆ ಕಾಣುತ್ತಿದ್ದ. ಮಾತು ಮಾತ್ರ ನೇರವಾಗಿತ್ತು.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ ಮೇಡಂ. ನಮ್ಮದು ಅದಕ್ಕಿಂತ ನಾಚಿಕೆಗೇಡು. ನೆಲ ನೆಟ್ಟಗಾಯ್ತು ಅಂತ ದೂರ್ತಿದ್ದೀವಿ."

ಒಬ್ಬಿಬ್ಬರು ನಕ್ಕರು. ಗುಬ್ಬಿ ನಗಲಿಲ್ಲ. ಬಾವಿ ಸಿಕ್ಕಿದ ಮೇಲೆ ಎಡಗಡೆ ಕಾಯುವುದನ್ನು ತಾನು ಅಭ್ಯಾಸ ಮಾಡುವುದನ್ನೇ ಬಿಟ್ಟಿದ್ದೆ ಎಂದ. ಹೊರ ಊರಿನ ಪಂದ್ಯಗಳಲ್ಲಿ ಎಡಗಡೆಯಿಂದಲೇ ಎಷ್ಟು ಅಂಕ ಬಿಟ್ಟುಕೊಟ್ಟಿದ್ದೇವೆ, ಲೆಕ್ಕ ತೆಗೆದು ನೋಡಿ ಎಂದ. ಫೈನಲ್ಲಿನ ಮೊದಲ ಎರಡು ಸೋಲೂ ಹೊರ ಊರಿನಲ್ಲೇ ಆದದ್ದು, ಎರಡೂ ಬಾವಿಯಿಲ್ಲದ ನೆಲದಲ್ಲಿ. ಬಡಗಿ ಮುಂಚಿನ ದಿನವೇ ಕರೆದು ತೋರಿಸಿ ಹೇಳಿದ್ದರು, ಕಿವಿ ಕೇಳಿಸಿಕೊಂಡಿತು, ಕಾಲು ಕೇಳಿಸಿಕೊಳ್ಳಲಿಲ್ಲ ಎಂದ. ಕೋಚ್ ಅಲ್ಲೇ ಗೋಡೆಗೆ ಒರಗಿ ನಿಂತಿದ್ದರು. ಅಭ್ಯಾಸ ಮಾಡಿಸದೆ ಬಿಟ್ಟವನು ನಾನು, ಅದನ್ನೂ ಬರೆದುಕೊಳ್ಳಿ ಎಂದು ನನ್ನ ಕಡೆ ನೋಡಿ ಹೇಳಿದರು. ನಾನು ಬರೆದುಕೊಂಡೆ.

ಕಂಬ ಮಾತಿನವನಲ್ಲ. ಅವನು ಮೇಜಿನ ಮೇಲಿನ ಕೊಳೆತ ಪಟ್ಟಿಯನ್ನು ಎತ್ತಿ ಅಂಗೈಯಲ್ಲಿಟ್ಟು ನೋಡಿ, ಅದರ ಮೇಲೆ ನಾಲ್ಕು ವರ್ಷ ಹಾರಿದ್ದನ್ನು ನೆನೆದವನಂತೆ ಮೆಲ್ಲಗೆ ವಾಪಸ್ ಇಟ್ಟ. ಹೋಗುವ ಮುಂಚೆ ದೊಡ್ಡಪ್ಪನ ಎರಡೂ ಕೈ ಹಿಡಿದುಕೊಂಡ. ಅವನ ಅಂಗೈಯೊಳಗೆ ದೊಡ್ಡಪ್ಪನ ಕೈಗಳು ಕಾಣಿಸಲೇ ಇಲ್ಲ.

ದೊಡ್ಡಪ್ಪನ ಕೆಲಸ ಉಳಿಯಿತು. ಆ ರಜೆಯಲ್ಲಿ ಇಡೀ ನೆಲ ಎಬ್ಬಿಸಿ ಹೊಸದಾಗಿ ಹಾಸಿದರು, ಅದರ ಮೇಸ್ತ್ರಿ ಅವರೇ. ಮ್ಯಾನೇಜರ್ ಆಮೇಲೂ ಎರಡು ವರ್ಷ ಇದ್ದರು, ದೊಡ್ಡಪ್ಪನ ಚೀಟಿ ಬಂದರೆ ಅವತ್ತೇ ಸಹಿ ಹಾಕುತ್ತಿದ್ದರು. ಕತೆ ಕೇಳುವವರು ಇಲ್ಲಿಗೆ ಬಂದಾಗ, ಮುಂದಿನ ವರ್ಷ ಗೆದ್ದರು ತಾನೆ ಎನ್ನುತ್ತಾರೆ. ಗೆಲ್ಲಲಿಲ್ಲ. ಮುಂದಿನ ವರ್ಷ ಸೆಮಿಫೈನಲ್‌ನಲ್ಲೇ ಹೋದರು. ಆಮೇಲೆ ಕಂಬ ಬೇರೆ ತಂಡಕ್ಕೆ ಹೋದ. ದೊಡ್ಡಪ್ಪ ಇದ್ದಷ್ಟು ದಿನ ಆ ಕ್ರೀಡಾಂಗಣಕ್ಕೆ ಕಪ್ ಬರಲೇ ಇಲ್ಲ. ಆದರೆ ಗುಬ್ಬಿ ಆ ವರ್ಷವಿಡೀ ಬೆಳಿಗ್ಗೆ ಏಳಕ್ಕೇ ಬಂದು ಒಬ್ಬನೇ ಎಡಗಡೆ ಕಾಯುವುದನ್ನು ಕಲಿತ. ಎದುರಾಳಿಯ ಪಾತ್ರಕ್ಕೆ ಯಾರೂ ಇಲ್ಲದಾಗ ದೊಡ್ಡಪ್ಪನನ್ನೇ ನಿಲ್ಲಿಸಿಕೊಳ್ಳುತ್ತಿದ್ದ. ಐವತ್ತೈದು ದಾಟಿದ ಬಡಗಿ ಚೆಂಡು ಪುಟಿಸುತ್ತ ಅವನ ಮೇಲೆ ನುಗ್ಗುವುದನ್ನು ನೋಡಲು ಕಚೇರಿಯವರೆಲ್ಲ ಗ್ಯಾಲರಿಗೆ ಬರುತ್ತಿದ್ದರು. ಒಂದು ದಿನ ದೊಡ್ಡಪ್ಪ ಅವನನ್ನು ದಾಟಿಯೂಬಿಟ್ಟರು. ಬುಟ್ಟಿಯ ಕೆಳಗೆ ಬಂದು ನಿಂತು, ಚೆಂಡನ್ನು ಏನು ಮಾಡುವುದೆಂದು ತಿಳಿಯದೆ ಅವನಿಗೇ ವಾಪಸ್ ಕೊಟ್ಟರು.

ಈಗ ಗುಬ್ಬಿ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಆಟ ಕಲಿಸುತ್ತಾನೆ. ಹೋದ ತಿಂಗಳು ಅಲ್ಲಿ ಹೊಸ ಅಂಕಣ ಹಾಸುವ ಮೊದಲು ತನ್ನ ಸ್ಕೂಟರಿನಲ್ಲಿ ದೊಡ್ಡಪ್ಪನನ್ನು ಕೂರಿಸಿಕೊಂಡು ಹೋದ. ಎಪ್ಪತ್ತೊಂದರ ದೊಡ್ಡಪ್ಪ ಮಂಡಿಯೂರಿ ಅಡಿಪಟ್ಟಿಗಳನ್ನು ಒಂದೊಂದಾಗಿ ತಟ್ಟಿ ನೋಡಿ, ಎರಡನ್ನು ಬೇಡವೆಂದು ಬದಿಗೆ ಎತ್ತಿಡಿಸಿದರು. ಬಂದು ಊಟಕ್ಕೆ ಕೂತಾಗ, ಮರ ಒಳ್ಳೆಯದು ತರಿಸಿದ್ದಾರೆ, ಗುಬ್ಬಿ ನೋಡುವುದನ್ನು ಕಲಿತಿದ್ದಾನೆ ಎಂದು ದೊಡ್ಡಮ್ಮನಿಗೆ ಎರಡು ಸಲ ಹೇಳಿದರು.